ತುರುಪಿನ ಮೂರು

"ಇಲ್ಲಿ ಏನೂ ಆಗಿಲ್ಲ. ಯಾರೂ ಏನೂ ನೋಡಿಲ್ಲ. ತಿಳೀತಾ?" ಒಡೆದ ಗಾಜನ್ನು ಗುಡಿಸುತ್ತಲೇ ಒರ್ನೆಲ್ಲಾ, ತನ್ನ ಬಾರಿನಲ್ಲಿ ಇಸ್ಪೀಟು ಆಡುತ್ತಿದ್ದ ನಾಲ್ವರು ಮುದುಕರ ಕಡೆ ಪೊರಕೆ ತೋರಿಸಿ ಹೇಳಿದಳು.

"ನಾವು ಎಲೆ ನೋಡ್ತಿದ್ವಿ ತಾಯಿ," ಎಂದ ಅಮೋಸ್. "ಈ ವಯಸ್ಸಲ್ಲಿ ಎಲೆ ಕಂಡ್ರೆ ಅದೇ ದೊಡ್ಡದು. ಇನ್ನು ಹೊಡೆದಾಟ ಎಲ್ಲಿ ಕಾಣುತ್ತೆ?"

ಆದದ್ದಿಷ್ಟು. ಭಾನುವಾರದ ಊಟ ಮುಗಿಸಿ ಬಂದಿದ್ದ ಲೋರಿಸ್ ಮತ್ತು ಅವನ ಭಾವಮೈದುನ ವಾಲ್ಟರ್ ದೋಣಿಯ ಮೋಟಾರಿನ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿದರು. ಮೋಟಾರು ಕೆಟ್ಟದ್ದು ಯಾರ ಕೈಯಲ್ಲಿ ಎಂದು ಶುರುವಾದದ್ದು ಯಾರ ತಾಯಿ ಎಂಥವಳು ಎಂಬಲ್ಲಿಗೆ ಬಂದು ನಿಂತಿತು. ಒಬ್ಬ ಬಾಟಲಿ ಎಸೆದ, ಇನ್ನೊಬ್ಬ ಮೈಮೇಲೆ ಬಿದ್ದ. ಬಿಡಿಸಲು ಎದ್ದ ಮುದುಕ ಜೆಲಿಂದೊ ಇಬ್ಬರ ನಡುವೆ ಸಿಕ್ಕಿ, ಹಿಮ್ಮುಖವಾಗಿ ಬಿದ್ದು, ಐಸ್‌ಕ್ರೀಮ್ ಪೆಟ್ಟಿಗೆಯ ಮೂಲೆಗೆ ತಲೆ ಬಡಿಸಿಕೊಂಡ. ರಕ್ತ ಬರಲಿಲ್ಲ. ಎದ್ದು ಟೋಪಿ ಕೊಡವಿಕೊಂಡು, "ನನಗೇನೂ ಆಗಿಲ್ಲ, ಮೊದಲು ಪೆಟ್ಟಿಗೆ ನೋಡಿ," ಎಂದು ಎಲ್ಲರನ್ನೂ ನಗಿಸಿ, ಮತ್ತೆ ಆಟಕ್ಕೆ ಕುಳಿತ. ಒರ್ನೆಲ್ಲಾ ಜಗಳಗಂಟರಿಬ್ಬರನ್ನೂ ಹಿಂಬಾಗಿಲಿನಿಂದ ಹೊರಗೆ ದಬ್ಬಿ ಚಿಲಕ ಹಾಕಿದಳು.

ಪೊಲೀಸರಿಗೆ ಫೋನು ಮಾಡುವ ಯೋಚನೆಯನ್ನು ಅವಳು ಹತ್ತಿರ ಸುಳಿಯಗೊಡಲಿಲ್ಲ. ಚಳಿಗಾಲ ಮುಗಿದಾಗಿನಿಂದ ಎರಡು ಸಲ ಅವರ ಗಾಡಿ ಬಾರಿನ ಮುಂದೆ ನಿಂತಿತ್ತು. ಇನ್ನೊಮ್ಮೆ ಹೊಡೆದಾಟವಾದರೆ ಮದ್ಯದ ಪರವಾನಗಿ ಅಮಾನತು ಎಂದು ಜಿಲ್ಲಾ ಕಚೇರಿ ಎಚ್ಚರಿಸಿತ್ತು. ಈಗ ಬೇಸಿಗೆ. ಪೋ ನದಿಯ ಏರಿಯ ಮೇಲೆ ಸೈಕಲ್ ತುಳಿಯುವವರು, ಮೀನು ಹಿಡಿಯುವವರು ಬಾಯಾರಿ ಬರುವ ಕಾಲ. ಈಗ ಬಾಗಿಲು ಹಾಕಿದರೆ ಅವರೆಲ್ಲ ಸೇತುವೆಯ ಬಳಿಯ ಬಾರಿಗೆ ಹೋಗುತ್ತಾರೆ. ಹೋದವರು ತಿರುಗಿ ಬರುವುದಿಲ್ಲ. ಅಪ್ಪ ಬಿಟ್ಟುಹೋದ ಈ ಬಾರು ಬಿಟ್ಟರೆ ಅವಳಿಗೆ ಬೇರೆ ಗತಿಯೂ ಇರಲಿಲ್ಲ.

"ಗಲಾಟೆ ಆದ್ರೆ ನೀವೇ ಮೊದಲು ನಮಗೆ ಹೇಳಿ," ಎಂದಿದ್ದ ಠಾಣೆಯ ಅಧಿಕಾರಿ ಬೆರ್ತಾಕಿ. "ನೀವೇ ಹೇಳಿದ್ರೆ ಅದು ನಿಮ್ಮ ಪರವಾಗೇ ಇರುತ್ತೆ." ಒರ್ನೆಲ್ಲಾ ತಲೆಯಾಡಿಸಿದ್ದಳು. ಅವಳಿಗೆ ಮಾತ್ರ ಅದು, ನಿಮ್ಮ ಕುತ್ತಿಗೆಗೆ ನೀವೇ ಹಗ್ಗ ಹಾಕಿಕೊಳ್ಳಿ, ನಾವು ಮೆಲ್ಲಗೆ ಎಳೆಯುತ್ತೇವೆ ಎಂದ ಹಾಗೆ ಕೇಳಿಸಿತ್ತು.

ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಆ ಎರಡು ಸಲವೂ ಅವಳು ಕರೆದಿರಲಿಲ್ಲ. ಹಾಗಾದರೆ ಕರೆದವರು ಯಾರು? ಔಷಧಿ ಅಂಗಡಿಯವನ ಹೆಂಡತಿಯ ಮೇಲೆ ಅನುಮಾನ ಪಟ್ಟಳು. ಪಾದ್ರಿಯ ಮನೆಯ ಅಡುಗೆಯವಳ ಮೇಲೆ ಪಟ್ಟಳು. ಬ್ರೆಡ್ಡು ತಂದುಕೊಡುವವನು ಒಂದು ದಿನ ಬೇಗ ಬಂದರೆ ಅವನ ಮೇಲೂ ಪಟ್ಟಳು. ಕೊನೆಗೆ ಅನುಮಾನವೆಲ್ಲ ಸುತ್ತಿ ಬಂದು ಜೆಲಿಂದೊನ ತಲೆಯ ಮೇಲೆ ಕುಳಿತಿತು. ಅವನ ಮನೆ ಠಾಣೆಯ ಎದುರಿಗೇ ಇತ್ತು. ಬೆರ್ತಾಕಿಯನ್ನು ಹೆಸರು ಹಿಡಿದು ಕರೆಯುತ್ತಿದ್ದ. ಎರಡು ಸಲವೂ ಇಲ್ಲೇ ಇದ್ದ, ಅದರಲ್ಲೂ ಎರಡನೆಯ ಸಲ ಜಗಳದ ನಡುವೆ ಎದ್ದು ಹೊರಗೆ ಹೋಗಿದ್ದ. ಮೂತ್ರಕ್ಕಂತೆ! ಅಂದಿನಿಂದ ಅವಳು ಅವನ ಲೋಟಕ್ಕೆ ವೈನನ್ನು ಒಂದು ಬೆರಳು ಕಡಿಮೆಯೇ ಹಾಕುತ್ತಿದ್ದಳು. ಮುದುಕ ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ. ಅದೂ ಅವಳಿಗೆ ಅನುಮಾನಕ್ಕೆ ಕಾರಣವಾಯಿತು.

ಗಾಜನ್ನು ಕಸದ ಡಬ್ಬಿಗೆ ಸುರಿದು ಅವಳು ನೆಲ ಒರೆಸಿ ಮುಗಿಸುವಷ್ಟರಲ್ಲಿ ಬಾಗಿಲು ತೆರೆಯಿತು. ಬೆರ್ತಾಕಿ, ಸಮವಸ್ತ್ರದಲ್ಲಿ.

ಒರ್ನೆಲ್ಲಾ ಒಳಗೊಳಗೇ ಅಂದುಕೊಂಡಳು: ಆಗಲೇ ಸುದ್ದಿ ಮುಟ್ಟಿಸಿಬಿಟ್ಟಿದ್ದಾರೆ!

"ನೆಲ ಒದ್ದೆ ಇದೆ," ಎಂದ ಬೆರ್ತಾಕಿ.

"ಟ್ರೇ ಕೈಜಾರಿತು ಸಾಹೇಬ್ರೆ."

"ಭಾನುವಾರಾನೂ ಬಿಡುವಿಲ್ಲ ನಿಮಗೆ." ಅವನು ಕೌಂಟರಿಗೆ ಮೊಣಕೈ ಊರಿ ಒಂದು ಗಳಿಗೆ ಕಾದ. ಅವಳು ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಅವನು ಮುದುಕರ ಮೇಜಿನ ಹತ್ತಿರ ಹೋದ. "ಏನಜ್ಜ, ಯಾರು ಗೆಲ್ತಿದ್ದೀರಿ? ಗಲಾಟೆ ಗಿಲಾಟೆ ಏನೂ ಇಲ್ವಲ್ಲ?"

"ಈ ಬಾರಲ್ಲಿ ಗಲಾಟೆ ಅಂದ್ರೆ ಒರ್ನೆಲ್ಲಾ ಒಬ್ಬಳೇ," ಎಂದ ಅಮೋಸ್. ಇನ್ನಿಬ್ಬರು ನಕ್ಕರು.

ಜೆಲಿಂದೊ ನಗಲಿಲ್ಲ. ಅವನ ಬಾಯಿ ಮೆಲ್ಲಗೆ ಬಲಕ್ಕೆ ಸೊಟ್ಟಗಾಯಿತು. ಕಣ್ಣು ಒರ್ನೆಲ್ಲಾಳ ಮೇಲೇ ಇತ್ತು.

ಈ ಆಟದಲ್ಲಿ ಜೊತೆಗಾರನಿಗೆ ಮುಖದಲ್ಲೇ ಸನ್ನೆ ಮಾಡುವುದಕ್ಕೆ ಅಡ್ಡಿಯಿಲ್ಲ, ಎದುರಾಳಿಯ ಕಣ್ಣಿಗೆ ಬೀಳಬಾರದು, ಅಷ್ಟೆ. ಕಣ್ಣು ಮೇಲೆತ್ತಿದರೆ ರಾಜ. ಬಾಯಿ ಸೊಟ್ಟ ಮಾಡಿದರೆ ತುರುಪಿನ ಮೂರು, ಎಕ್ಕ ಬಿಟ್ಟರೆ ಎಲ್ಲಕ್ಕಿಂತ ದೊಡ್ಡ ಎಲೆ. ಅಪ್ಪನ ಕಾಲದಿಂದ ಈ ಮೇಜಿಗೆ ವೈನು ತಂದಿಟ್ಟ ಒರ್ನೆಲ್ಲಾಗೆ ಆ ಸನ್ನೆಗಳು ಅಕ್ಷರಗಳಿಗಿಂತ ಚೆನ್ನಾಗಿ ಗೊತ್ತು. ದೊಡ್ಡ ಎಲೆ ನನ್ನ ಕೈಯಲ್ಲಿದೆ, ಇಳಿಸಲೇ? ಜೆಲಿಂದೊ ಅವಳನ್ನೇ ಹಾಗೆ ಕೇಳುತ್ತಿದ್ದ, ಅದೂ ಬೆರ್ತಾಕಿಯ ಎದುರಿಗೇ!

ಬೆರ್ತಾಕಿ ಇನ್ನೊಮ್ಮೆ ಕೌಂಟರಿನ ಕಡೆ ನೋಡಿದ. ಅವಳು ಬೆನ್ನು ತಿರುಗಿಸಿ ಲೋಟ ಜೋಡಿಸುತ್ತಿದ್ದಳು. ಅವನು ಹೊರಗೆ ಹೋಗಿ ಗಾಡಿಗೆ ಒರಗಿ ಸಿಗರೇಟು ಹಚ್ಚಿದ.

ಒರ್ನೆಲ್ಲಾ ಜೆಲಿಂದೊನ ಪಕ್ಕಕ್ಕೆ ಬಂದು ಬಗ್ಗಿದಳು. ಚಿಕ್ಕಂದಿನಿಂದ ಮಾಮ ಎನ್ನುತ್ತಿದ್ದವಳಿಗೆ ಈಗ ಆ ಮಾತೂ ಬಾಯಿಗೆ ಬರಲಿಲ್ಲ.

"ನೀನೇ ಅಲ್ವಾ? ಹೇಳು, ಏನ್ ಬೇಕು ನಿಂಗೆ? ನಮ್ಮಪ್ಪನ ಕಾಲದಿಂದ ಇದೇ ಕುರ್ಚಿ ಸವೆಸಿದ್ದೀಯ. ನನ್ನ ಹೊಟ್ಟೆ ಮೇಲೇ ಹೊಡೀತೀಯಾ?"

ಜೆಲಿಂದೊ ಲೋಟವೆತ್ತಿ ಒಂದು ಗುಟುಕು ಕುಡಿದ.

"ಏಯ್," ಎಂದು ಎದುರಿನಿಂದ ಅವನ ಜೊತೆಗಾರ ಅಮೋಸ್ ರೇಗಿದ. "ಎಷ್ಟು ಹೊತ್ತು ಹಾಗೆ ಮೂತಿ ತಿರುಗಿಸ್ಕೊಂಡು ಕೂತಿರ್ತೀಯ? ತುರುಪಿನ ಮೂರು ನನ್ನ ಕೈಲಿದೆ ಕಣೋ!" ಎಲೆಯನ್ನು ಎತ್ತಿ ತೋರಿಸಿಯೇಬಿಟ್ಟ.

ಆಗ ಒರ್ನೆಲ್ಲಾ ಜೆಲಿಂದೊನ ಮುಖವನ್ನು ಸರಿಯಾಗಿ ನೋಡಿದಳು. ಕುಡಿದ ವೈನು ಬಾಯಿಯ ಎಡತುದಿಯಿಂದ ಸೋರಿ ಅಂಗಿಯ ಕಾಲರಿಗೆ ಇಳಿಯುತ್ತಿತ್ತು. ಎಡಗೈಯ ಎಲೆಗಳು ಒಂದೊಂದಾಗಿ ತೊಡೆಯ ಮೇಲೆ ಜಾರಿದವು. ಅವನಿಗೆ ಅದು ಗೊತ್ತಾದಂತಿರಲಿಲ್ಲ.

"ಮಾಮ," ಎಂದಳು. "ಜೆಲಿಂದೊ ಮಾಮ!"

ಅವಳು ಬಾಗಿಲಿಗೆ ಓಡಿದಳು. "ಸಾಹೇಬ್ರೆ! ಬನ್ನಿ, ಬೇಗ ಬನ್ನಿ!"

ಆಂಬುಲೆನ್ಸು ಬಂದಾಗ ಜೆಲಿಂದೊನನ್ನು ನೆಲದ ಮೇಲೆ ಮಲಗಿಸಿದ್ದರು. ಕಿತ್ತಳೆ ಬಣ್ಣದ ಸಮವಸ್ತ್ರದ ಹುಡುಗಿ ಅವನ ಕಣ್ಣಿಗೆ ದೀಪ ಹಿಡಿದು ನೋಡಿ, ತಲೆಯೆತ್ತದೆ ಕೇಳಿದಳು: "ಬಿದ್ರಾ? ತಲೆಗೆ ಏಟು ಬಿತ್ತಾ? ಇಲ್ಲಾ ಕೂತಲ್ಲೇ ಹೀಗಾಯ್ತಾ? ಸರಿಯಾಗಿ ಹೇಳಿ. ಒಂದಕ್ಕೆ ಕೊಡೋ ಔಷಧಿ ಇನ್ನೊಂದಕ್ಕೆ ಕೊಟ್ರೆ ಜೀವಕ್ಕೇ ಅಪಾಯ."

ಬೆರ್ತಾಕಿ ಕೈಕಟ್ಟಿ ನಿಂತಿದ್ದ. ಅಮೋಸ್ ಬಾಯಿ ತೆರೆದವನು ಒರ್ನೆಲ್ಲಾಳ ಮುಖ ನೋಡಿ ಮುಚ್ಚಿಕೊಂಡ. ಯಾರೂ ಏನೂ ನೋಡಿಲ್ಲ ಎಂದು ಅವಳೇ ಹೇಳಿದ್ದಳಲ್ಲ! ಕೂತಲ್ಲೇ ಆಯಿತು ಎಂದು ಈಗ ಅವಳು ಒಂದು ಮಾತು ಅಂದರೆ ಸಾಕಿತ್ತು, ಮೂವರೂ ಹೌದೆನ್ನುತ್ತಿದ್ದರು. ವಯಸ್ಸಾದವರಿಗೆ ಹಾಗಾಗುವುದುಂಟು. ಬಾರು ಉಳಿಯುತ್ತಿತ್ತು. ಹಾಗೆ ಅನ್ನಲು ಮನಸ್ಸಾದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಏಟು ಬಿತ್ತು," ಎಂದಳು. "ಈ ಪೆಟ್ಟಿಗೆ ಮೂಲೆಗೆ. ಇಲ್ಲೇ, ನನ್ನ ಬಾರಲ್ಲೇ. ಹೊಡೆದಾಟ ಆಯ್ತು, ಬಿಡಿಸೋಕೆ ಹೋದ್ರು."

"ಯಾವಾಗ?"

"ಸಾಹೇಬ್ರು ಒಳಗೆ ಬರೋಕೆ ಮುಂಚೆ."

"ಆಗಲೇ ಯಾಕೆ ನಮ್ಮನ್ನ ಕರೀಲಿಲ್ಲ?" ಎಂದಳು ಹುಡುಗಿ. ಉತ್ತರಕ್ಕೆ ಕಾಯದೆ ರೇಡಿಯೋದಲ್ಲಿ ಮಾತಾಡತೊಡಗಿದಳು.

ಆಂಬುಲೆನ್ಸು ಸದ್ದು ಮಾಡುತ್ತ ಏರಿಯ ರಸ್ತೆ ಹತ್ತಿ ಹೋಯಿತು. ಮುದುಕರು ಒಬ್ಬೊಬ್ಬರೇ ಎದ್ದು ಹೊರಟರು. ಬೆರ್ತಾಕಿ ಕೌಂಟರಿನ ಮೇಲೆ ಟೋಪಿ ಇಟ್ಟು ಬರೆಯಲು ಪೆನ್ನು ತೆಗೆದ. ಅವಳು ಲೋರಿಸ್, ವಾಲ್ಟರ್ ಎಂಬ ಎರಡು ಹೆಸರನ್ನೂ, ತಾನು ಹಿಂಬಾಗಿಲಿಗೆ ಚಿಲಕ ಹಾಕಿದ್ದನ್ನೂ ಬಿಡದೆ ಹೇಳಿದಳು. ಆದರೂ ಒಂದು ಮುಳ್ಳು ಒಳಗೇ ಉಳಿದಿತ್ತು.

"ಇವತ್ತು ನಿಮಗೆ ಫೋನ್ ಮಾಡಿದ್ದು ಯಾರು? ಅದೊಂದು ಹೇಳಿ."

ಬೆರ್ತಾಕಿ ಬರೆಯುವುದನ್ನು ನಿಲ್ಲಿಸಿದ. "ಯಾರೂ ಮಾಡಿಲ್ಲ. ಕಾಫಿ ಕುಡಿಯೋಣ ಅಂತ ಬಂದಿದ್ದೆ. ನೀವು ಏನ್ ಬೇಕು ಅಂತಾನೂ ಕೇಳ್ಲಿಲ್ಲ."

ಅವನು ಹೋದ ಮೇಲೆ ಒರ್ನೆಲ್ಲಾ ಶಟರ್ ಎಳೆಯಲು ಹೊರಗೆ ಬಂದಳು. ಜೆಲಿಂದೊನ ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ಬೀಗವಿರಲಿಲ್ಲ. ಬಿಸಿಲಿಗೆ ಅದರ ಸೀಟು ಸುಡುತ್ತಿತ್ತು. ಅವಳು ಅದನ್ನು ಮೆಲ್ಲಗೆ ತಳ್ಳಿಕೊಂಡು ಒಳಗೆ ತಂದು, ಹ್ಯಾಂಡಲ್ ತಾಗದಂತೆ ಎರಡು ಕುರ್ಚಿ ಸರಿಸಿ, ನೆರಳಿರುವ ಕಡೆ ನಿಲ್ಲಿಸಿದಳು.