ಲಕ್ಕಿಸೊಪ್ಪಿನ ಘಾಟು

ಮಾಗಳದ ಅನ್ನದಾನಮ್ಮನ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಮಲ್ಲಿಗೆ ಮೊಗ್ಗಿನ ಬುಟ್ಟಿಗಳೊಂದಿಗೆ. ಮಗ ಅಮರೇಶ್ ಹಡಗಲಿಯ ಮೊದಲ ಬಸ್ಸಿಗೆ ಹೂವು ಹಾಕಿ ಬರುವಷ್ಟರಲ್ಲಿ ಸೊಸೆ ಅಮೃತಾ ಅಂಗಳ ಸಾರಿಸಿ ರೊಟ್ಟಿ ಬಡಿಯಲು ಕೂತಿರುತ್ತಿದ್ದಳು. ಹೆಂಗಸರ ಕಾಯಿಲೆಗಳಿಗೆ ಸೊಪ್ಪು ಅರೆದು ಕೊಡುವುದರಲ್ಲಿ ಅನ್ನದಾನಮ್ಮನಿಗೆ ಸುತ್ತಲೂ ಹೆಸರಿತ್ತು. ೧೯೯೮ರ ಬೇಸಿಗೆಯಲ್ಲಿ ಸಂಶೋಧಕಿ ವಾಣಿಶ್ರೀ ಅವಳನ್ನು ಹುಡುಕಿಕೊಂಡು ಬಂದದ್ದು ಆ ನಾಟಿ ಔಷಧಗಳನ್ನು ತಿಳಿಯಲೆಂದೇ.

ವಾಣಿಶ್ರೀ ಯಾವಾಗ ಬಂದರೂ ಒರಳಿನಲ್ಲಿ ಲಕ್ಕಿಸೊಪ್ಪು ಇರುತ್ತಿತ್ತು. ಮೈ ಊದಿಕೊಂಡ ಕಡೆ ಬಿಸಿ ಮಾಡಿ ಕಟ್ಟುವ ಸೊಪ್ಪು ಅದು.

“ಇದು ಯಾರಿಗಮ್ಮಾ?”

“ನನ್ನ ಮೊಣಕಾಲಿಗವ್ವ. ವಯಸ್ಸಾತು.”

ಹಾಗೆಂದವಳೇ ಅನ್ನದಾನಮ್ಮ ಚಂಗನೆ ಎದ್ದು ನೀರು ತರಲು ಹೋದಳು. ವಾಣಿಶ್ರೀಗೆ ಅನುಮಾನ ಹುಟ್ಟಿತು. ಅಂಥ ಬಿಸಿಲಿನಲ್ಲೂ ಅಮೃತಾ ಮೈತುಂಬ ಸೆರಗು ಹೊದ್ದಿರುತ್ತಿದ್ದಳು. ಬಳಿ ಬಂದರೆ ಲಕ್ಕಿಸೊಪ್ಪಿನದೇ ಘಾಟು. ಬಸುರಿ ಬೇರೆ. ಹಿಂದಿನ ಎರಡು ಬಸುರೂ ನಿಂತಿರಲಿಲ್ಲ. ಅತ್ತೆ ಕೊಡುವ ಕಷಾಯದಲ್ಲೇ ಏನಾದರೂ ಇದೆಯೇ?

ಕೇಳಿದ್ದಕ್ಕೆ ಅನ್ನದಾನಮ್ಮ ಕೆಂಡವಾದಳು. “ನಾ ವಿಷ ಹಾಕ್ತೀನೇನು? ಜೀರಗಿ, ಶುಂಠಿ ಅಷ್ಟ ಐತಿ. ಕುಡದು ನೋಡು!”

ವಾಣಿಶ್ರೀ ಕುಡಿದಳು. ಬರೀ ಜೀರಿಗೆ, ಶುಂಠಿ. ಅಷ್ಟರಲ್ಲಿ ಅಮರೇಶ್ ಒಳಗೆ ಬಂದ. “ಚಾ ಕುಡೀರಿ ಅಕ್ಕಾರ,” ಎಂದು ನಕ್ಕ. ಅಮೃತಾ ಮಾತ್ರ ಗೋಡೆಗೆ ಒತ್ತಿಕೊಂಡು ನಿಂತಳು. ಆಗ ವಾಣಿಶ್ರೀಯ ಅನುಮಾನ ಕಷಾಯವನ್ನು ಬಿಟ್ಟು ಅವನ ಕಡೆ ತಿರುಗಿತು.

ಅವನು ಹೊರಗೆ ಹೋದಮೇಲೆ ಕೇಳಿಯೇಬಿಟ್ಟಳು: “ಮಗ ಹೊಡೀತಾನಾ?”

“ಯಾವ ಮನ್ಯಾಗ ಇಲ್ಲ ಹೇಳು? ನಮ್ಮತ್ತಿ ನನಗ ಸೊಪ್ಪು ಕಟ್ಟಿದ್ಲು, ನಾ ಇಕಿಗೆ ಕಟ್ತೀನಿ. ಹೊರಗ ಆಡಿದ್ರ ಮನಿ ಮಾನ ಹೋಗ್ತತಿ.”

“ಸೊಪ್ಪು ಊತ ಇಳಿಸುತ್ತೆ ಅಮ್ಮಾ, ಎತ್ತಿದ ಕೈಯನ್ನಲ್ಲ. ನೀವು ಮುಚ್ಚಿಟ್ಟಷ್ಟೂ ಅವನಿಗೆ ಧೈರ್ಯ.”

“ನೀ ಇನ್ನ ಈ ಮನಿಗೆ ಬರಬ್ಯಾಡ.”

ವಾಣಿಶ್ರೀ ಕೇಳಿದ್ದು ಹೊರಗಿದ್ದ ಅಮರೇಶನ ಕಿವಿಗೆ ಬಿದ್ದಿತ್ತು. ಆ ಮಧ್ಯಾಹ್ನವೇ ಅವನು ಹೆಂಡತಿಯ ಜಡೆ ಹಿಡಿದ. “ಏನ್ ಹೇಳಿದ್ಯಲೇ ಆಕಿಗೆ?”

“ನಾ ಏನೂ ಹೇಳಿಲ್ರಿ...”

ಅವಳು ನಿಜಕ್ಕೂ ಏನನ್ನೂ ಹೇಳಿರಲಿಲ್ಲ. ಅವನು ನಂಬದೆ ಹೊಟ್ಟೆಗೆ ಒದ್ದ.

ಅನ್ನದಾನಮ್ಮ ಎಂದಿನಂತೆ ಬಿಸಿ ಸೊಪ್ಪು ತಂದಳು. ರಕ್ತದಲ್ಲಿ ಬಿದ್ದಿದ್ದ ಅಮೃತಾ ಅತ್ತೆಯ ಕೈಯನ್ನು ತಳ್ಳಿದಳು. “ಬ್ಯಾಡ್ರಿ ಅತ್ತಿ. ಹಂಗ ಇರ್ಲಿ. ಮಂದಿಗೆ ಕಾಣ್ಲಿ.”

ನೆರೆಹೊರೆಯವರು ಸೇರಿ ಬಾಡಿಗೆಯ ಟ್ರಾಕ್ಸ್ ಜೀಪಿನಲ್ಲಿ ಅವಳನ್ನು ಹಡಗಲಿ ಆಸ್ಪತ್ರೆಗೆ ಸಾಗಿಸಿದರು. ಅವಳು ಉಳಿದಳು, ಮಗು ಉಳಿಯಲಿಲ್ಲ.

“ಹೇಗಾಯಿತು?” ವೈದ್ಯೆ ಕೇಳಿದರು.

“ಬಚ್ಚಲದಾಗ ಜಾರಿ ಬಿದ್ದಾಳ್ರಿ,” ಎಂದ ಅಮರೇಶ್.

“ನಾ ಬಿದ್ದಿಲ್ರಿ.” ಅಮೃತಾಳ ದನಿ ಕ್ಷೀಣವಾಗಿತ್ತು, ಆದರೆ ನಡುಗಲಿಲ್ಲ. “ಇವ್ರು ಒದ್ದಾರ. ಮೊದಲಿನ ಎರಡೂ ಹಿಂಗ ಹೋದವು.”

“ನೋವಿಗೆ ಏನರ ಮಾತಾಡ್ತಾಳ್ರಿ. ಯವ್ವಾ, ನೀನರ ಹೇಳು!”

ಎಲ್ಲರೂ ಅನ್ನದಾನಮ್ಮನ ಕಡೆ ತಿರುಗಿದರು. ಅವಳು ಸೊಸೆಯ ಬರಿದಾದ ಹೊಟ್ಟೆಯನ್ನು ನೋಡಿದಳು, ಮಗನ ಮುಖವನ್ನು ನೋಡಿದಳು.

“ಆಕಿ ಅಂದಿದ್ದು ಖರೆ ಐತ್ರಿ,” ಎಂದಳು. “ಪೊಲೀಸರು ಕೇಳಿದ್ರೂ ಇದನ್ನ ಹೇಳ್ತೀನಿ. ಇವರಪ್ಪ ನನ್ನ ಒದ್ದಾಗೆಲ್ಲ ನಾ ಜಾರಿ ಬಿದ್ದೆ ಅಂತಿದ್ದೆ. ಅದನ್ನ ಕೇಳ್ಕೊಂತನ ಇವ ಬೆಳದ.”