ಸಂದಿಲ್ಲದ ಸೂಟ್‌ಕೇಸು

ಗಾಜಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೋಟ, ಹೂದಾನಿ, ದೀಪದ ಬುರುಡೆಗಳನ್ನು ಒಣಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆ ಕಟ್ಟಿದ ಮನುಷ್ಯನಿಗೆ ಒಂದು ಸೂಟ್‌ಕೇಸು ತುಂಬಿಸುವುದು ಯಾವ ಮಹಾ ಕೆಲಸ? ಹೀಗೆ ಕೇಳಿದವರು ಬೇರೆ ಯಾರೂ ಅಲ್ಲ, ಆ ಮಹಾಶಯರೇ. ಕಾರ್ಖಾನೆಯಲ್ಲಿ ಅವರಿಗೆ ಹುಲ್ಲುಮೇಸ್ತ್ರಿ ಎಂದೇ ಹೆಸರು. ನಿವೃತ್ತರಾಗಿ ವರ್ಷವಾದರೂ ಮೇಸ್ತ್ರಿಕೆ ನಿಂತಿರಲಿಲ್ಲ. ಅದನ್ನು ಸಹಿಸಿಕೊಳ್ಳಲು ಮನೆಯಲ್ಲಿದ್ದವಳು ಮಾತ್ರ ಹೆಂಡತಿ ಒಬ್ಬಳೇ.

ಹಡಗಿನ ಪ್ರವಾಸದ ಆಸೆ ಅವಳದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆದುಕೊಡುವ ಈ ಐವತ್ತೆಂಟರ ಹೆಂಗಸು, ಮೂರು ತಿಂಗಳು ‘ಇವತ್ತು ಕ್ಲಿನಿಕ್ಕಲ್ಲಿ ರಶ್ಶು’ ಎಂದು ಗಂಡನ ಕಿವಿ ಮೇಲೆ ಹೂವಿಟ್ಟು, ಈಜುಕೊಳದಲ್ಲಿ ಶಾಲೆಯ ಮಕ್ಕಳ ಜೊತೆ ಬಾಯಿ ತುಂಬ ನೀರು ಕುಡಿದು, ಅಂತೂ ಈಜು ಕಲಿತಿದ್ದಳು. ಹಡಗಿನ ಮೇಲೊಂದು ಕೊಳವಿದೆಯಂತೆ. ಸುತ್ತ ಸಮುದ್ರ, ನಡುವೆ ಕೊಳ, ಕೊಳದಲ್ಲಿ ತಾನು. ಹಡಗು ಹತ್ತಿದ ದಿನವೇ ನೀರಿಗಿಳಿಯಬೇಕು. ಮಾರನೆಯ ದಿನಕ್ಕೆ ಧೈರ್ಯ ಉಳಿದಿರುತ್ತದೋ ಇಲ್ಲವೋ. ಅವಳಿಗೆ ಬೇಕಾಗಿದ್ದುದು ಅಷ್ಟೇ. ಆದರೆ ಅದು ಬೇಕೇ ಬೇಕಾಗಿತ್ತು.

ಅದಕ್ಕೇ ಒಂದು ಕೈಚೀಲವನ್ನು ಬೇರೆ ಇಟ್ಟಳು. ಅದರಲ್ಲಿ ಎರಡು ಪಾಸ್‌ಪೋರ್ಟು, ಗಂಡನ ಬಿಪಿ ಮಾತ್ರೆ, ಎಲ್ಲದರ ಅಡಿಯಲ್ಲಿ ಟವೆಲಿನಲ್ಲಿ ಸುತ್ತಿದ ಈಜುಡುಗೆ.

“ದೊಡ್ಡ ಪೆಟ್ಟಿಗೇನ ಬಂದರಲ್ಲೇ ಇಸ್ಕೋತಾರೆ. ಅದು ರೂಮಿಗೆ ಬರೋದು ಸಾಯಂಕಾಲಕ್ಕೆ. ದಾರೀಲಿ ಬೇಕಾಗಿದ್ದೆಲ್ಲ ಇದ್ರಲ್ಲಿದೆ. ಇದಕ್ಕೆ ಕೈ ಹಚ್ಬೇಡಿ.”

“ಆಯ್ತಮ್ಮಾ,” ಎಂದರು ಮೇಸ್ತ್ರಿಗಳು.

ಅವಳು ಸ್ನಾನಕ್ಕೆ ಹೋದದ್ದೇ ತಡ, ಸೂಟ್‌ಕೇಸನ್ನು ಎತ್ತಿ ಅಲ್ಲಾಡಿಸಿದರು. ಒಳಗೆ ಏನೋ ಕದಲಿತು. ಅವರ ಶಾಸ್ತ್ರದಲ್ಲಿ ಸಂದು ಎಂದರೆ ಒಡೆದ ಗಾಜು. ಸಂದು ಕಂಡ ಮೇಲೆ ಕೈಗೆ ಸಿಕ್ಕಿದ್ದನ್ನು ತುರುಕದೆ ಬಿಡುವ ಜಾಯಮಾನ ಅವರದಲ್ಲ. ಆಗಲೇ ತಾವು ತುರುಕಿಟ್ಟಿದ್ದ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿ ಪಾಸ್‌ಪೋರ್ಟುಗಳು ಅಳತೆ ಕೊಟ್ಟು ಮಾಡಿಸಿದಂತೆ ಕೂತವು. ಮಾತ್ರೆ ಬೂಟಿನೊಳಗೆ ಹೋಯಿತು, ಟವೆಲಿನ ಸುರುಳಿ ಮೂಲೆಗೆ. ಖಾಲಿಯಾದ ಕೈಚೀಲ ಸೊಟ್ಟಗಾಗದಿರಲೆಂದು ಹಳೆ ಪೇಪರನ್ನು ಉಂಡೆ ಮಾಡಿ ತುಂಬಿಸಿದರು. ಕೊನೆಗೆ, ಕಾರ್ಖಾನೆಯ ಪದ್ಧತಿಯಂತೆ, ಸೂಟ್‌ಕೇಸನ್ನು ಮೇಜಿನ ಮೇಲಿಂದ ಕೆಡವಿ ಕಿವಿಗೊಟ್ಟರು. ಒಳಗೆ ಪಿಟಕ್ಕೆಂಬ ಸದ್ದಿಲ್ಲ. ಕೆಳಮನೆಯವರು ಮಾತ್ರ ಚಾವಣಿಗೆ ಗುದ್ದಿದರು.

ಬಂದರಿನಲ್ಲಿ ಸೂಟ್‌ಕೇಸು ತಳ್ಳುಗಾಡಿ ಹತ್ತಿ ಕಣ್ಮರೆಯಾಯಿತು. ಕೌಂಟರಿನ ಹುಡುಗಿ ಪಾಸ್‌ಪೋರ್ಟು ಕೇಳಿದಳು. ಹೆಂಡತಿ ಚೀಲಕ್ಕೆ ಕೈ ಹಾಕಿ ಒಂದು ಪೇಪರ್ ಉಂಡೆ ತೆಗೆದಳು. ಇನ್ನೊಂದು ತೆಗೆದಳು. ಮತ್ತೊಂದು.

“ರೀ, ಪಾಸ್‌ಪೋರ್ಟೆಲ್ಲಿ?”

“ಪೆಟ್ಟಿಗೇಲಿ. ಒಂಚೂರೂ ಅಲ್ಲಾಡಲ್ಲ,” ಎಂದರು ಮೇಸ್ತ್ರಿಗಳು, ಶಹಭಾಸ್‌ಗಿರಿಗೆ ಕಾಯುತ್ತ.

ಗಂಡನನ್ನು ಇಲ್ಲೇ ನೀರಿಗೆ ತಳ್ಳಿದರೆ ಯಾರಾದರೂ ನೋಡಿಯಾರೇ ಎಂದು ಅವಳು ಸುತ್ತ ಕಣ್ಣಾಡಿಸಿದಳು. ಸಾಲಿನಲ್ಲಿ ಮೂವತ್ತು ಜನ ನೋಡುತ್ತಲೇ ಇದ್ದರು. ಮೂರು ತಿಂಗಳು ನೀರು ಕುಡಿದದ್ದೆಲ್ಲ ನೀರಲ್ಲಿ ಹೋಮವಾಗುವಂತಿತ್ತು.

ಅಷ್ಟರಲ್ಲಿ ಹುಡುಗಿ ಕಂಪ್ಯೂಟರ್ ನೋಡಿ, “ನಿಮ್ಮ ಸೂಟ್‌ಕೇಸ್ ತಪಾಸಣೆಯಲ್ಲಿ ಹಿಡಿದಿದ್ದಾರೆ. ಇಸ್ತ್ರಿಪೆಟ್ಟಿಗೆ ಇದೆಯಂತಲ್ಲ? ಹಡಗಲ್ಲಿ ಅದಕ್ಕೆ ಅವಕಾಶ ಇಲ್ಲ. ಪಕ್ಕದ ಕೋಣೆಗೆ ಹೋಗಿ. ಇಪ್ಪತ್ತು ನಿಮಿಷದಲ್ಲಿ ಹಡಗಿನ ಬಾಗಿಲು ಹಾಕ್ತಾರೆ,” ಎಂದಳು.

ಇಸ್ತ್ರಿಪೆಟ್ಟಿಗೆಗೆ ಕೈ ಮುಗಿಯಬೇಕು ಎನಿಸಿದ್ದು ಅವಳಿಗೆ ಜನ್ಮದಲ್ಲಿ ಅದೇ ಮೊದಲು.

ಎಲ್ಲವನ್ನೂ ತೆಗೆಯದೆ ಒಂದನ್ನೂ ತೆಗೆಯಲಾಗದಂತೆ ಕಟ್ಟುವುದು ಮೇಸ್ತ್ರಿಗಳ ಹೆಗ್ಗಳಿಕೆ. ಒಳಚಡ್ಡಿ, ಬನಿಯನ್ನು, ನಾಲ್ಕು ಗಜ ಹಗ್ಗ ಮೇಜಿನ ಮೇಲೆ ಗುಡ್ಡೆಯಾದವು. ತಪಾಸಣೆಯವನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟುಕೊಂಡ. ಹೆಂಡತಿ ಪಾಸ್‌ಪೋರ್ಟು, ಮಾತ್ರೆ, ಟವೆಲಿನ ಸುರುಳಿಯನ್ನು ಚೀಲಕ್ಕೆ ಹಾಕಿಕೊಂಡಳು. ಒಂಬತ್ತು ನಿಮಿಷ ಉಳಿದಿತ್ತು. ಮೇಸ್ತ್ರಿಗಳು ಮೊದಲ ಬನಿಯನ್ನನ್ನು ಮಡಿಸುತ್ತಿದ್ದರು.

“ಏನ್ ಮಾಡ್ತಿದ್ದೀರಿ?”

“ಇಸ್ತ್ರಿಪೆಟ್ಟಿಗೆ ಹೋಗಿ ದೊಡ್ಡ ಸಂದಾಯ್ತಲ್ಲೇ. ಮೊದಲಿಂದ ಕಟ್ಬೇಕು.”

“ನಿಮ್ಮ ಸಂದಿಗಿಷ್ಟು ಬೆಂಕಿ ಹಾಕ! ನಾನು ಹೊರಟೆ.”

ಹೊರಟವಳು ಬಾಗಿಲಲ್ಲಿ ತಿರುಗಿ ನೋಡಿದಳು. ಮೇಸ್ತ್ರಿಗಳು ಅದೇ ಬನಿಯನ್ನನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದರು. ಗಾಜು ಕಟ್ಟಿದ ಕೈ ಅದು, ಒಂದೇ ಕೆಲಸವನ್ನು ಎರಡು ಸಲ ಮಾಡಿದ್ದನ್ನು ಅವಳು ಕಂಡಿರಲಿಲ್ಲ.

“ಏನಾಯ್ತ್ರೀ?”

“ಪೆಟ್ಟಿಗೆ ಕಟ್ಟೋದು ನಾನು, ಹೋಗೋದು ಪೆಟ್ಟಿಗೆ. ಇಷ್ಟು ವರ್ಷ ಹಾಗೇ ಅಲ್ವಾ? ದಾರೀಲಿ ಏನ್ ಬೇಕಾಗುತ್ತೆ ಅಂತ ನನಗೇನು ಗೊತ್ತು? ಈಗ ನಾನೂ ಹೋಗ್ಬೇಕು ಅಂದ್ರೆ... ಹೆದ್ರಿಕೆ ಆಗುತ್ತೆ ಕಣೆ.”

ಆ ಬಾಯಿಂದ ಬರಬಾರದ್ದೆಲ್ಲ ಬಂದದ್ದನ್ನು ಅವಳು ಕೇಳಿದ್ದಳು, ‘ಹೆದರಿಕೆ’ ಎಂಬ ಒಂದು ಮಾತು ಬಿಟ್ಟು. ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಕೆಲಸಕ್ಕೆ ಬಂತು. ಗುಡ್ಡೆಯನ್ನು ಎರಡೂ ತೋಳಲ್ಲಿ ಬಾಚಿ ಸೂಟ್‌ಕೇಸಿಗೆ ಸುರಿದಳು, ಮುಚ್ಚಳದ ಮೇಲೆ ಕೂತು ಜಿಪ್ಪೆಳೆದಳು, ಅದನ್ನು ತಪಾಸಣೆಯವನ ಕಡೆ ತಳ್ಳಿ, ಗಂಡನ ರಟ್ಟೆ ಹಿಡಿದು ಕೌಂಟರಿಗೆ ಓಡಿದಳು.

ಮಧ್ಯಾಹ್ನ ಮೇಸ್ತ್ರಿಗಳು ಪ್ಯಾಂಟು ಮಡಚಿ ಕೊಳದ ಅಂಚಿನಲ್ಲಿ ಕೂತಿದ್ದರು. ಹೆಂಡತಿ ಅರ್ಧ ಕೊಳ ಈಜಿ ಬಂದು ಅಂಚು ಹಿಡಿದು ಏದುಸಿರು ಬಿಟ್ಟಳು.

“ಈಜು ಕಲಿತಿದ್ದನ್ನ ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನನ್ನನ್ನೂ ಹುಲ್ಲಲ್ಲಿ ಸುತ್ತಿ ಇಟ್ಬಿಡ್ತಿದ್ರಿ.”

ಮೇಸ್ತ್ರಿಗಳು ಪ್ಯಾಂಟನ್ನು ಇನ್ನೊಂದು ಸುತ್ತು ಮಡಚಿ ನೀರಿಗೆ ಕಾಲು ಇಳಿಬಿಟ್ಟರು.

“ಇಡ್ತಿದ್ದೆ,” ಎಂದರು. ಕೊಳದ ಆಚೆ ತುದಿಗೆ ಕೈ ತೋರಿಸಿ, “ಈ ಸಲ ಆ ತುದೀವರೆಗೂ ಹೋಗು. ನೋಡ್ತಿರ್ತೀನಿ.”