ಕಸಕ್ಕೆ ಹೋದ ದನಿ

"ಸಾರ್, ಇನ್ನು ಇದೊಂದೇ ಪ್ರಶ್ನೆ ಉಳಿದಿರೋದು," ಎಂದಳು ದಲ್ಲಾಳಿ. "ಈ ರೆಕಾರ್ಡಿಂಗಲ್ಲಿರೋ ಎರಡು ದನಿ ಯಾರದ್ದು?"

ಮೇಷ್ಟ್ರು ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ಎತ್ತಿ ಇಳಿಸಿ ಕನ್ನಡಕ ಹುಡುಕುತ್ತಿದ್ದರು. ಕನ್ನಡಕ ಅವರ ಹಣೆಯ ಮೇಲೇ ಇತ್ತು. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕುವ ಈ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ಆ ವಿಶ್ವವಿದ್ಯಾಲಯದಲ್ಲಿ ಇರಲಿಲ್ಲ. ದಲ್ಲಾಳಿ ಬೆರಳು ಮಾಡಿ ತೋರಿಸಿದಳು. ಅವರು ಅದನ್ನು ಮೂಗಿನ ಮೇಲೆ ಇಳಿಸಿಕೊಂಡು, ಕಾಗದ ನೋಡುವುದು ಬಿಟ್ಟು ಕಿಟಕಿ ನೋಡಿದರು.

"ಒಬ್ಬ ಗಂಡಸು, ಒಬ್ಬಳು ಹೆಂಗಸು."

"ಅದು ಕೇಳಿದ್ರೇ ಗೊತ್ತಾಗುತ್ತೆ ಸಾರ್. ಅವರಿಬ್ಬರ ಒಪ್ಪಿಗೆ ಇದೆಯಾ ಅಂತ ಕಂಪನಿಯವರು ಕೇಳ್ತಿದ್ದಾರೆ."

"ಒಬ್ಬರದ್ದು ಇದೆ."

"ಯಾರದ್ದು?"

"ನಂದು."

ದಲ್ಲಾಳಿ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಆ ಹೆಂಗಸು?"

"ನಮ್ಮ ಮನೆಯವಳು. ಅವಳಿಗೆ ರೆಕಾರ್ಡ್ ಆಗಿದ್ದೇ ಗೊತ್ತಿಲ್ಲ." ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಮೌನ ಸಮ್ಮತಿ ಲಕ್ಷಣ ಅಂತಾರಲ್ಲ."

"ಕಂಪನಿ ವಕೀಲರಿಗೆ ಆ ಗಾದೆ ಗೊತ್ತಿಲ್ಲ ಸಾರ್."

ಅವಳ ಕೋಣೆಯ ಬಾಗಿಲ ಮೇಲೆ ಉದ್ದನೆಯ ಹುದ್ದೆಯ ಹೆಸರೊಂದನ್ನು ಬರೆದಿತ್ತು. ಅದನ್ನು ಪೂರ್ತಿ ಓದುವ ತಾಳ್ಮೆ ಯಾರಿಗೂ ಇಲ್ಲದ್ದರಿಂದ ಗಣಿತ ವಿಭಾಗದ ಹಿರಿಯರೊಬ್ಬರು ಇಟ್ಟ 'ದಲ್ಲಾಳಿ' ಎಂಬ ಹೆಸರೇ ನಿಂತುಬಿಟ್ಟಿತ್ತು. ಅವಳಿಗೇನೂ ಬೇಸರವಿರಲಿಲ್ಲ. ಕೆಲಸವೂ ಅದೇ ತಾನೆ. ಇತ್ತ ಪ್ರಾಧ್ಯಾಪಕರು ವರ್ಷಗಟ್ಟಲೆ ಕೂತು ಬರೆದ ಪ್ರೋಗ್ರಾಂ ಅವರ ಕಂಪ್ಯೂಟರಿನಲ್ಲೇ ಧೂಳು ತಿನ್ನುತ್ತಿರುತ್ತದೆ, ಅತ್ತ ಅಂಥದ್ದೇ ಬೇಕೆಂದು ಯಾವುದೋ ಕಂಪನಿ ತಲೆ ಚಚ್ಚಿಕೊಳ್ಳುತ್ತಿರುತ್ತದೆ. ಇಬ್ಬರಿಗೂ ಸುಳ್ಳು ಹೇಳದೆ ಸಂಬಂಧ ಕುದುರಿಸಬೇಕು. ಬೇರೆ ಸಂಶೋಧಕರಿಗೆ ಉಚಿತವಾಗಿ ಹಂಚಬೇಕು, ವ್ಯಾಪಾರಕ್ಕೆ ಬಳಸುವವರಿಂದ ಹಣ ಕಟ್ಟಿಸಿಕೊಳ್ಳಬೇಕು. ಅವಳು ಈ ಕುರ್ಚಿಗೆ ಬಂದಮೇಲೆ ಹಿಡಿದ ಸಂಬಂಧಗಳೆಲ್ಲ ಕೊನೆಯ ಗಳಿಗೆಯಲ್ಲಿ ಒಂದಲ್ಲ ಒಂದು ಕಾರಣಕ್ಕೆ ಮುರಿದುಬಿದ್ದಿದ್ದವು. ಇದೊಂದು ಮಾತ್ರ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಇಲ್ಲಿಯವರೆಗೆ ಬಂದಿತ್ತು. ಸೋಮವಾರ ಸಹಿ ಎಂದು ಕಂಪನಿಯವರು ಬರೆದಿದ್ದರು.

ಮೇಷ್ಟ್ರ ಪ್ರೋಗ್ರಾಂಗೆ ಲ್ಯಾಬಿನ ಹುಡುಗಿಯರು ಇಟ್ಟ ಹೆಸರು 'ಜರಡಿ'. ಒಂದರ ಮೇಲೊಂದು ಬಿದ್ದು ಕಲಸಿಹೋದ ಮಾತುಗಳನ್ನು ಅದು ಬೇರೆ ಬೇರೆ ಮಾಡಿ ಕೊಡುತ್ತಿತ್ತು. ಕಿವಿ ಮಂದವಾದವರಿಗೆ ನಾಲ್ಕು ಜನ ಮಾತಾಡುವ ಕೋಣೆಯೆಂದರೆ ಬರೀ ಗದ್ದಲ. ಎದುರಿಗಿರುವವರ ದನಿಯೊಂದನ್ನೇ ಹೆಕ್ಕಿ ಕೊಟ್ಟರೆ ಅವರೂ ಮಾತಿಗೆ ಸೇರಬಹುದು. ಕಂಪನಿ ಕಿವಿಯ ಯಂತ್ರಗಳನ್ನು ಮಾಡುವಂಥದ್ದು. ಜರಡಿಯ ಜೊತೆಗೆ, ಅದು ಕೆಲಸ ಮಾಡುತ್ತದೆಂದು ತೋರಿಸುವ ರೆಕಾರ್ಡಿಂಗನ್ನೂ ಅವರು ಕೇಳಿದ್ದರು. ಜಗತ್ತಿನ ಯಾವ ಮೂಲೆಯ ಸಂಶೋಧಕನಾದರೂ ಅದನ್ನು ತೆರೆದು ಕೇಳಿ ಪರೀಕ್ಷಿಸುವಂತಿರಬೇಕು.

"ಅಲ್ಲ ಸಾರ್, ಇಷ್ಟು ವಿದ್ಯಾರ್ಥಿಗಳಿದ್ರಲ್ಲ, ಇಬ್ಬರನ್ನ ಕೂರಿಸಿ ಮಾತಾಡಿಸಬಾರದಿತ್ತಾ?"

"ಮಾತಾಡಿಸಿದೆ. ಎಲ್ಲರೂ ಸಭ್ಯಸ್ಥರು. ಒಬ್ಬರು ಮುಗಿಸೋ ತನಕ ಇನ್ನೊಬ್ಬರು ಬಾಯೇ ತೆಗೆಯಲ್ಲ. ಒಟ್ಟಿಗೆ ಓದಿ ಅಂದ್ರೆ ಪ್ರಾರ್ಥನೆ ಥರ ಓದ್ತಾರೆ." ಮೇಷ್ಟ್ರು ಕೈ ಚೆಲ್ಲಿದರು. "ಇಬ್ಬರು ನಿಜವಾಗಿ ಒಟ್ಟಿಗೆ ಮಾತಾಡೋದು ಜಗಳದಲ್ಲಿ ಮಾತ್ರ ಕಣಮ್ಮಾ."

ಒಂಬತ್ತು ವರ್ಷದ ಹಿಂದಿನ ಮಾತು. ಮನೆಯ ಸದ್ದುಗಳು ಬೇಕೆಂದು ಮೇಷ್ಟ್ರು ಪುಟ್ಟ ರೆಕಾರ್ಡರೊಂದನ್ನು ಅಡುಗೆಮನೆಯ ಫ್ರಿಜ್ಜಿನ ಮೇಲಿಟ್ಟು ಮರೆತಿದ್ದರು. ನಲ್ಲಿಯ ಸದ್ದು, ಫ್ಯಾನಿನ ಸದ್ದು ಸಿಕ್ಕಿತು. ಅದರ ಹಿಂದೆಯೇ ಗಂಡ ಹೆಂಡಿರ ಜಗಳವೂ ಸಿಕ್ಕಿತು. ಮೇಷ್ಟ್ರ ತಾಯಿ ತೀರಿಕೊಂಡು ಆಗ ತಿಂಗಳಾಗಿರಲಿಲ್ಲ. ಆಮೇಲೆ ಆ ಮನೆಯಲ್ಲಿ ಜಗಳವೇ ಆಗಲಿಲ್ಲವಂತೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದ್ದು ಎಷ್ಟು ಸಲ ಉಂಡು ಮಲಗಿದರೂ ಮುಗಿಯದೆ, ಮೇಲೆ ಮಾತ್ರ ತಣ್ಣಗಾಗಿತ್ತು.

"ನೀವೂ ಬನ್ನಿ ಮನೆಗೆ," ಎಂದರು ಮೇಷ್ಟ್ರು. "ನನ್ನೊಬ್ಬನ ಕೈಲಿ ಹೇಳೋಕಾಗಲ್ಲ."

ಮೇಷ್ಟ್ರ ಮನೆ ಮೂರನೆಯ ಮಹಡಿಯಲ್ಲಿತ್ತು. ಅವರ ಹೆಂಡತಿ ಎದುರು ರಸ್ತೆಯಲ್ಲಿ ಔಷಧಿ ಅಂಗಡಿ ನಡೆಸುವವರು. ಮಧ್ಯಾಹ್ನ ಶಟರ್ ಎಳೆದು ಆಗಷ್ಟೇ ಮೇಲೆ ಬಂದಿದ್ದರು. ಡಾಕ್ಟರುಗಳ ಕೈಬರಹ ಓದಿ ಪಳಗಿದ ಕಣ್ಣು. ಗಂಡನ ಮುಖ ನೋಡಿ, ಜೊತೆಗೆ ಬಂದವಳ ಕೈಯಲ್ಲಿದ್ದ ಲ್ಯಾಪ್‌ಟಾಪ್ ನೋಡಿ, "ಏನೋ ಆಗಿದೆ. ಮೊದಲು ಕೂತ್ಕೊಳ್ಳಿ," ಎಂದರು.

ಆ ಮನೆಯ ಸಭ್ಯತೆ ದಲ್ಲಾಳಿಗೆ ಐದೇ ನಿಮಿಷದಲ್ಲಿ ಉಸಿರು ಕಟ್ಟಿಸಿತು. ಫ್ಯಾನ್ ಹಾಕಲಾ ಎಂದು ಇವರು ಕೇಳುವುದು, ನಿಮಗೆ ಬೇಕಿದ್ದರೆ ಹಾಕಿ ಎಂದು ಅವರು ಹೇಳುವುದು. ಬ್ಯಾಂಕಿನ ಕೌಂಟರಿನಲ್ಲಿ ನಿಂತವರೂ ಇದಕ್ಕಿಂತ ಸಲಿಗೆಯಿಂದ ಮಾತಾಡುತ್ತಾರೆ. ಮೇಷ್ಟ್ರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾನವಕುಲ, ವಿಜ್ಞಾನ, ಶ್ರವಣಶಕ್ತಿ ಎಂದೆಲ್ಲ ಶುರುಮಾಡಿದಾಗ ದಲ್ಲಾಳಿಯೇ ಅಡ್ಡ ಬಾಯಿ ಹಾಕಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು.

ಹೆಂಡತಿ ಗಂಡನ ಕಡೆ ತಿರುಗಿದರು. "ಇದುವರೆಗೆ ಯಾರು ಯಾರು ಕೇಳಿದ್ದಾರೆ?"

"ಲ್ಯಾಬಿನವರು," ಎಂದರು ಮೇಷ್ಟ್ರು. "ಆಮೇಲೆ ಒಂದೆರಡು ಸಮ್ಮೇಳನ. ಹೊರಗಿನವರು. ಅವರಿಗೆ ನಮ್ಮ ಭಾಷೆ ಬರಲ್ಲ."

"ಬೈಯೋದು ಯಾವ ಭಾಷೇಲಿದ್ರೂ ಬೈಯೋದು ಅಂತ ಗೊತ್ತಾಗುತ್ತೆ ರೀ." ಅವರ ಮುಖ ಕೆಂಪಾಗಿತ್ತು. ದಲ್ಲಾಳಿಯ ಕಡೆ ತಿರುಗಿದರು. "ಹಾಕಮ್ಮಾ. ಊರೆಲ್ಲ ಕೇಳಿದ ಮೇಲೆ ನಾನೂ ಕೇಳ್ತೀನಿ."

ಮೊದಲು ಬಂದದ್ದು ಬರೀ ಕಲಸುಮೇಲೋಗರ. ಎರಡು ದನಿಗಳು ಒಂದರ ತಲೆಯ ಮೇಲೊಂದು ಹತ್ತಿ ಕೂತಿದ್ದವು. ನಡುವೆ ಪಾತ್ರೆಯ ಸದ್ದು. ದಲ್ಲಾಳಿ ಜರಡಿಯನ್ನು ಓಡಿಸಿದಳು. ಗದ್ದಲವೆಲ್ಲ ಹಿಂದೆ ಸರಿದು ಹೆಣ್ಣುದನಿಯೊಂದೇ ಉಳಿಯಿತು.

'ಆಸ್ಪತ್ರೆಗೆ ಓಡಿದವಳು ನಾನು. ಕೂತವಳು ನಾನು. ಎಷ್ಟು ಸಲ ಫೋನ್ ಮಾಡಿದೆ? ಮಗ ಎಲ್ಲಮ್ಮಾ ಅಂತ ನರ್ಸುಗಳು ಕೇಳಿದ್ರೆ ನಾಚಿಕೆ ಬಿಟ್ಟು ಸುಳ್ಳು ಹೇಳಿದವಳು ನಾನು. ನೀವು ಬರೋ ಹೊತ್ತಿಗೆ ಮಂಚ ಖಾಲಿ ಮಾಡಿದ್ರು...'

ಹೆಂಡತಿ ಸೆರಗಿನ ತುದಿ ಹಿಡಿದುಕೊಂಡು ಕೇಳಿದರು. "ನಾನು ಇಷ್ಟು ಕಿರುಚ್ತಿದ್ನಾ?" ಎಂದರು ಮೆಲ್ಲಗೆ. ಮೇಷ್ಟ್ರ ತುಟಿಗಳು ಆ ಮಾತುಗಳ ಜೊತೆಜೊತೆಗೇ ಅಲುಗಾಡುತ್ತಿದ್ದದ್ದನ್ನು ದಲ್ಲಾಳಿ ಕಂಡಳು. ಜರಡಿಯ ಕಣ್ಣು ಸಣ್ಣ ಮಾಡಲೆಂದು ಇಷ್ಟು ವರ್ಷ ಇದನ್ನೇ ಸಾವಿರ ಸಲ ಕೇಳಿದ್ದಾರೆ. ಹೆಂಡತಿಯ ಬೈಗುಳ ಬಾಯಿಪಾಠವಾಗಿರುವ ಗಂಡ ಇವರೊಬ್ಬರೇ ಇರಬೇಕು.

"ಇವರದ್ದು?" ಎಂದು ಕೇಳಿದರು ಹೆಂಡತಿ. "ಇವರೂ ಏನೋ ಒದರ್ತಿದ್ರಲ್ಲ. ಅದನ್ನೂ ಹಾಕು."

"ಅದೇನೂ ಇಲ್ಲ," ಎಂದರು ಮೇಷ್ಟ್ರು ಅವಸರವಾಗಿ. "ಅದು ಜರಡಿಯಿಂದ ಹೊರಗೆ ಹೋದ ಕಸ. ನಾನೇ ಯಾವತ್ತೂ ಕೇಳಿಲ್ಲ."

"ಕಸ ಕೂಡ ನಮ್ಮನೆದೇ ಅಲ್ವಾ. ಹಾಕಮ್ಮಾ."

ದಲ್ಲಾಳಿ ಗುಂಡಿ ಒತ್ತಿದಳು. ಈಗ ಗಂಡುದನಿ ಬಂತು. ಒಂಬತ್ತು ವರ್ಷ ಚಿಕ್ಕದಾದ, ಸ್ವಲ್ಪ ತೆಳ್ಳಗಿನ ದನಿ. 'ಫೋನು ಬ್ಯಾಗಲ್ಲಿತ್ತು ಕಣೇ... ಮೀಟಿಂಗ್ ಇತ್ತು ಅಂತ ಹೇಳಿದ್ನಲ್ಲ...' ಸೋತವನ ಸಬೂಬುಗಳು. ಆಮೇಲೆ, 'ಹಾಲು. ಹಾಲು ಉಕ್ತಾ ಇದೆ. ಲೇ, ಹಾಲು ಉಕ್ತಾ ಇದೆ.' ದಲ್ಲಾಳಿಗೆ ನಗು ತಡೆಯುವುದು ಕಷ್ಟವಾಯಿತು. ಹೆಂಡತಿಯ ತುಟಿಯೂ ಸ್ವಲ್ಪ ಸಡಿಲಾಯಿತು.

ಅದರ ಬೆನ್ನಿಗೇ ಆ ದನಿ ತಗ್ಗಿತು. 'ಅಮ್ಮ ನನ್ನ ಕೇಳಿದ್ಲಾ?'

ಒಂದು ಉಸಿರಿನಷ್ಟು ಬಿಡುವು. 'ಹೇಳೇ. ಕೊನೇಲಿ ನನ್ನ ಕೇಳಿದ್ಲಾ?' ಮತ್ತೆ, ಇನ್ನೂ ಸಣ್ಣದಾಗಿ, 'ಕೇಳಿದ್ಲಾ?' ಅಷ್ಟೇ. ಆಮೇಲೆ ಬಾಗಿಲು ಎಳೆದ ಸದ್ದು.

ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಮೇಷ್ಟ್ರು ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ವಿದ್ಯಾರ್ಥಿಯಂತೆ ಕೂತಿದ್ದರು.

"ಇದು ನಂಗೆ ಕೇಳಿಸಲೇ ಇಲ್ಲ," ಎಂದರು ಹೆಂಡತಿ.

"ಕೇಳಿಸ್ತು ಅಂದ್ಕೊಂಡಿದ್ದೆ. ನೀನು ಅದಕ್ಕೆ ಉತ್ತರ ಕೊಡಲಿಲ್ಲ. ಕೊಡಲಿಲ್ಲ ಅಂದ್ಮೇಲೆ ಅಮ್ಮ ಕೇಳಿರಲಿಲ್ಲ ಅಂತಲೇ ಅರ್ಥ, ಹೇಳೋಕೆ ಸಂಕಟ ಪಡ್ತಿದ್ದೀಯ ಅಂತ... ಮತ್ತೆ ಕೇಳೋ ಧೈರ್ಯ ಬರಲಿಲ್ಲ."

ಹೆಂಡತಿ ಎದ್ದು ಅಡುಗೆಮನೆಗೆ ಹೋದರು. ಪಾತ್ರೆ ಒಲೆಯ ಮೇಲೆ ಕೂತ ಸದ್ದು, ಒಲೆ ಹಚ್ಚಿದ ಸದ್ದು, ನಲ್ಲಿ ತಿರುಗಿಸಿ ಬಹಳ ಹೊತ್ತು ಮುಖ ತೊಳೆದ ಸದ್ದು ಕೇಳಿತು. ಮೇಷ್ಟ್ರು ಕದಲಲಿಲ್ಲ. ದಲ್ಲಾಳಿಗೆ ತಾನು ಬರಬಾರದ ಕಡೆ ಬಂದೆನೆನಿಸಿತು. ಎದ್ದು ಹೋಗುವುದು ಹೇಗೆಂದೂ ತಿಳಿಯಲಿಲ್ಲ.

ಹೆಂಡತಿ ಬಂದು ಮೊದಲಿನ ಜಾಗದಲ್ಲೇ ಕೂತರು. "ಇದನ್ನ ಕೊಡಲ್ಲ ಕಣಮ್ಮಾ. ಕಿವಿ ಕೇಳದವರಿಗೆ ಒಳ್ಳೇದಾಗುತ್ತೆ, ಆಗಲಿ. ನನ್ನ ಅಂಗಡಿಗೂ ಬರ್ತಾರೆ ಪಾಪ, ಮೂರು ಸಲ ಹೇಳಿದ್ರೂ ತಲೆ ಆಡಿಸ್ಕೊಂಡು ಹೋಗ್ತಾರೆ. ಜರಡಿ ಕೊಡಿ. ಈ ಜಗಳ ಮಾತ್ರ ನಮ್ಮದು."

ಕೈಗೆ ಬಂದ ತುತ್ತು ಮತ್ತೆ ಜಾರಿತು. ಆದರೂ ದಲ್ಲಾಳಿ ಸುಮ್ಮನಿರುವವಳಲ್ಲ. "ಹಾಗಾದ್ರೆ ಹೊಸದೊಂದು ಮಾಡೋಣ ಮೇಡಂ. ನೀವಿಬ್ಬರೂ ಏನಾದ್ರೂ ಮಾತಾಡಿ, ಒಬ್ಬರ ಮಾತಲ್ಲಿ ಒಬ್ಬರು ಬಾಯಿ ಹಾಕಿ. ಜಗಳಾನೇ ಆಗಬೇಕಂತಿಲ್ಲ."

ಇಬ್ಬರೂ ಒಪ್ಪಿದರು. ಮೇಷ್ಟ್ರು ಹಳೆಯ ರೆಕಾರ್ಡರನ್ನೇ ಕಪಾಟಿನಿಂದ ತಂದು ಮೇಜಿನ ಮೇಲಿಟ್ಟರು. ದಲ್ಲಾಳಿ ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು. ಇಬ್ಬರೂ ಅದನ್ನು ನೋಡುತ್ತ ಕೂತರು. ಜಗಳ ಬಾ ಎಂದರೆ ಬರುತ್ತದೆಯೇ? ಮೇಷ್ಟ್ರು "ನೀನು ಶುರುಮಾಡು" ಎಂದರು. ಹೆಂಡತಿ "ಇಲ್ಲ, ನೀವೇ ಮಾಡಿ" ಎಂದರು. ಲ್ಯಾಬಿನ ವಿದ್ಯಾರ್ಥಿಗಳೇ ವಾಸಿ ಎನ್ನುವ ಹಾಗಿತ್ತು.

ದೀಪ ಉರಿಯುತ್ತಲೇ ಇತ್ತು.

"ಕೇಳಿದ್ರು ರೀ," ಎಂದರು ಹೆಂಡತಿ.

ಮೇಷ್ಟ್ರು ತಲೆ ಎತ್ತಿದರು.

"ಅವನೆಲ್ಲಿ ಅಂದ್ರು. ದಾರೀಲಿದ್ದಾರೆ ಅತ್ತೆ, ಇನ್ನೇನು ಬಂದ್ರು ಅಂದೆ. 'ಕನ್ನಡಕ ಹುಡುಕ್ತಿರ್ತಾನೆ ಬಿಡು' ಅಂದ್ರು. ಅಂದು ನಕ್ಕರು. ಆಮೇಲೆ ಕಣ್ಣು ಮುಚ್ಕೊಂಡ್ರು." ಅವರ ದನಿ ಒಡೆಯಿತು. "ನೀವು ಒಂದು ದಿನ ಕೇಳ್ತೀರ, ಆಗ ಹೇಳೋಣ ಅಂತ ಕಾದೆ. ಹೆತ್ತ ತಾಯಿ ಕೊನೇಲಿ ಏನಂದ್ಲು ಅಂತ ಕೂಡ ಕೇಳಲಿಲ್ವಲ್ಲ ಈ ಮನುಷ್ಯ ಅಂತ ಇಷ್ಟು ವರ್ಷ ನಂಗೆ ಸಿಟ್ಟು."

ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅದನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ನೋಡಿದರು.

"ಹುಡುಕ್ತಿದ್ದೆ ಕಣೇ," ಎಂದರು. "ನಿಜವಾಗ್ಲೂ. ನೀನು ಫೋನ್ ಮಾಡಿದ್ದು ನೋಡಿದ ತಕ್ಷಣ ಎದ್ದೆ. ಕನ್ನಡಕ ಇಲ್ಲದೆ ಗಾಡಿ ಓಡಿಸೋಕಾಗಲ್ಲ. ಲ್ಯಾಬೆಲ್ಲ ಹುಡುಕಿದೆ. ಜೇಬಲ್ಲೇ ಇತ್ತು."

"ಅದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿಮಗೆ?"

"ಏನಂತ ಹೇಳಲಿ? ಅಮ್ಮ ಸಾಯ್ತಿದ್ರೆ ಕನ್ನಡಕ ಹುಡುಕ್ತಿದ್ದೆ ಅಂತ—"

"ಹೇಳಬೇಕಿತ್ತು! ಮೀಟಿಂಗು ಅಂತ ಸುಳ್ಳು ಹೇಳೋ ಬದಲು—"

"ನೀನು ಬಾಯಿ ಬಿಡೋಕೆ ಬಿಟ್ರೆ ತಾನೆ—"

"ನಾನಾ? ನಾನಾ ಬಿಡದೆ ಇದ್ದಿದ್ದು—"

ದನಿಗಳು ಏರಿದವು. ಒಂದರ ಮೇಲೊಂದು ಹತ್ತಿದವು. ಹೆಂಡತಿ ಅಳುತ್ತಲೇ ಬೈಯುತ್ತಿದ್ದರು, ಮೇಷ್ಟ್ರು ನಗುತ್ತಿದ್ದರೋ ಅಳುತ್ತಿದ್ದರೋ ಅವರಿಗೇ ತಿಳಿದಿರಲಿಲ್ಲ. ಇಬ್ಬರ ಕೈಗಳೂ ಮೇಜಿನ ಮೇಲೆ ಆಡುತ್ತ ಆಡುತ್ತ ಒಂದನ್ನೊಂದು ತಾಗಿ ಅಲ್ಲೇ ನಿಂತವು. ಮಾತು ಮಾತ್ರ ನಿಲ್ಲಲಿಲ್ಲ.

ದಲ್ಲಾಳಿ ಕೆಂಪು ದೀಪವನ್ನೇ ನೋಡುತ್ತಿದ್ದಳು. ಜರಡಿಗೆ ಇದಕ್ಕಿಂತ ಒಳ್ಳೆಯ ಕಾಳು ಸಿಗುವುದಿಲ್ಲ. ಒಪ್ಪಿಗೆಯೂ ಇದೆ, ಇಬ್ಬರೂ ತಲೆಯಾಡಿಸಿದ್ದಾರೆ. ಸೋಮವಾರ ಸಹಿ. ಕುರ್ಚಿಗೆ ಬಂದಮೇಲಿನ ಮೊದಲ ಸಂಬಂಧ. ಅವಳ ಎದೆ ಆಸೆಯಿಂದ ಹೊಡೆದುಕೊಂಡಿತು, ಅದನ್ನೇಕೆ ಮುಚ್ಚಿಡಬೇಕು.

ಅವಳು ಕೈ ಚಾಚಿ ಗುಂಡಿ ಒತ್ತಿದಳು. ದೀಪ ಆರಿತು. ಅವರಿಬ್ಬರೂ ಗಮನಿಸಲಿಲ್ಲ. ನಾಳೆ ಬಂದರಾಯಿತು, ಈ ಮನೆಯಲ್ಲಿ ಇನ್ನು ಜಗಳಕ್ಕೇನೂ ಬರ ಬರಲಾರದು.

ಒಳಗಿನಿಂದ ಸುಂಯ್ ಎನ್ನುವ ಸದ್ದು ಕೇಳಿ ಅವಳು ಅಡುಗೆಮನೆಗೆ ಹೋದಳು. ಹಾಲು ಬೆಳ್ಳಗೆ ಉಬ್ಬಿ ಪಾತ್ರೆಯ ಅಂಚಿಗೆ ಬಂದಿತ್ತು. ಒಲೆ ತಗ್ಗಿಸಿ ನಿಂತಳು. ಹೊರಗೆ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಒಂದು ಮಾತೂ ಬಿಡಿಸಿ ಕೇಳಿಸುತ್ತಿರಲಿಲ್ಲ. ಹಾಲು ನಿಧಾನವಾಗಿ ಕೆಳಗಿಳಿಯಿತು.